ಹುಳದಕ್ಕನೂ ನಲವತ್ತೇಳನೇ ನಂಬರಿನ ಮೆಕ್ಕೆಜೋಳವೂ

ಹಿಂದಿನ ಚಕ್ರವರ್ತಿಗಳ ಅರಮನೆಗೆ ಏಳು ಸುತ್ತಿನ ಕೋಟೆ ಇರುತ್ತಿತ್ತಂತೆ, ಕಂದಕದ ತುಂಬ ಮೊಸಳೆಗಳಿರುತ್ತಿದ್ದವಂತೆ, ಬಾಗಿಲಿಗೊಬ್ಬ ಭರ್ಜಿ ಹಿಡಿದ ಭಟ ನಿಂತಿರುತ್ತಿದ್ದನಂತೆ. ನಮ್ಮ ಮೆಕ್ಕೆಜೋಳ ಸಂಶೋಧನಾ ಕೇಂದ್ರದ ಹುಳದ ಕೋಣೆಗೆ ಇದ್ಯಾವುದೂ ಇರಲಿಲ್ಲ. ಒಂದು ಮೂಗಿತ್ತು. ಅಷ್ಟು ಸಾಕಾಗಿತ್ತು.

ಆ ಮೂಗು ಹುಳದಕ್ಕನದು. ಶಿಲ್ಪಿಗಳು ಉಳಿ ಹಿಡಿದು ಓಡಿಬರುವಂಥ ಮೂಗೇನಲ್ಲ. ಕನ್ನಡಕ ಜಾರದಿರಲಿ ಅಂತ ಕೊಟ್ಟ ಹಾಗಿತ್ತು. ಆದರೆ ಕೋಣೆಯ ಬಾಗಿಲಿಗೆ ಯಾರೇ ಬರಲಿ, ಹುಳದಕ್ಕ ಅಡ್ಡ ನಿಂತು, ಕತ್ತು ಚಾಚಿ, ಎಡ ಭುಜಕ್ಕೊಮ್ಮೆ, ಬಲ ಭುಜಕ್ಕೊಮ್ಮೆ, ಕೊನೆಗೆ ನೆತ್ತಿಗೊಮ್ಮೆ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದದ್ದು. ಸೆಂಟು, ಪೌಡರು, ಸೊಳ್ಳೆ ಬತ್ತಿಯ ಹೊಗೆ, ಬಟ್ಟೆ ಬೀರುವಿನ ನುಸಿಗುಳಿಗೆ, ಇವುಗಳಲ್ಲಿ ಯಾವುದರ ಗಾಳಿ ಸೋಕಿದ್ದರೂ "ಆಗಲ್ಲ, ಹೋಗಿ" ಎಂಬ ಎರಡೇ ಮಾತಿನ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ. ಕೇಂದ್ರದ ನಿರ್ದೇಶಕರು ಗಡ್ಡ ಬೋಳಿಸಿದ ಮೇಲೆ ಹಚ್ಚಿಕೊಳ್ಳುವ ಘಮಘಮ ನೀರಿನ ದೆಸೆಯಿಂದ ಮೂರು ಸಲ ಬಾಗಿಲಿಂದಲೇ ವಾಪಸಾದರು. ನಾಲ್ಕನೇ ಸಲ ಗಡ್ಡ ಬಿಟ್ಟುಕೊಂಡೇ ಬಂದರು. ಆ ಗಡ್ಡ ಅವರಿಗೆ ಬಹಳ ಒಪ್ಪುತ್ತದೆ ಅಂತ ಹೊರಗಿನವರೆಲ್ಲ ಹೊಗಳಿದರು. ಶ್ರೇಯಸ್ಸು ಯಾರಿಗೆ ಸೇರಬೇಕು ಅನ್ನುವುದು ಒಳಗಿನವರಿಗೆ ಗೊತ್ತಿತ್ತು. ಒಬ್ಬ ಇನ್‌ಶೂರೆನ್ಸ್ ಏಜೆಂಟನನ್ನು ಮೂಸಿ, "ನಿಮ್ಮನೇಲಿ ನೆನ್ನೆ ಜಿರಲೆಗೆ ಔಷಧಿ ಹೊಡೆದಿದ್ದಾರೆ" ಅಂದಳಂತೆ. ಅವನು ಇಲ್ಲವೆಂದು ವಾದಿಸಿ, ಮನೆಗೆ ಹೋಗಿ ಹೆಂಡತಿಯನ್ನು ಕೇಳಿ, ಮರುದಿನ ಬಂದು ಕ್ಷಮೆ ಕೇಳಿದನಂತೆ. ಪಾಲಿಸಿ ಮಾತ್ರ ಮಾರಾಟವಾಗಲಿಲ್ಲ.

ಹುಳದಕ್ಕನ ಗಂಡ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದವರು. ಎಲ್ಲರೂ ಅವರನ್ನು ಇಸ್ತ್ರಿಯವರು ಎಂದೇ ಕರೆಯುತ್ತಿದ್ದರು. ಅವರು ಒಮ್ಮೆ ಹೇಳಿದ್ದು: "ಮದುವೆಯಾದ ಹೊಸದರಲ್ಲಿ ಸಂಜೆ ಮನೆಗೆ ಬಂದ ಕೂಡ್ಲೇ ಹತ್ರ ಬಂದು ಭುಜಕ್ಕೆ ಮೂಗು ತಾಗಿಸೋಳು. ನಾನು ಪ್ರೀತಿ ಅಂದ್ಕೊಂಡಿದ್ದೆ ಕಣ್ರೀ. ಆರು ತಿಂಗಳು ಹಂಗೇ ಅಂದ್ಕೊಂಡಿದ್ದೆ."

ಈ ಮೂಸುವಿಕೆಗೆ ಒಂದು ಇತಿಹಾಸವಿತ್ತು. ಅವಳು ಕೆಲಸಕ್ಕೆ ಸೇರಿದ ವರ್ಷ ಯಾರೋ ಅತಿಥಿ ಚೀಲದಲ್ಲಿ ಒಂದು ಸೊಳ್ಳೆ ಬತ್ತಿಯ ಪೊಟ್ಟಣ ಇಟ್ಟುಕೊಂಡು ಕೋಣೆಯೊಳಗೆ ಅರ್ಧ ಗಂಟೆ ಕೂತಿದ್ದ. ಸಂಜೆಯೊಳಗೆ ನಾಲ್ಕು ಸಾವಿರ ಹುಳ ನೆಟ್ಟಗೆ ಮಲಗಿದವು. ಹುಳ ನೆಟ್ಟಗೆ ಮಲಗಿದರೆ ಅದು ನಿದ್ದೆಯಲ್ಲ.

ಹೊರಗಿನವರಿಗೆ ಅರ್ಥವಾಗದ ವಿಷಯ ಇದೇ. ಹುಳ ತಿನ್ನದ ಮೆಕ್ಕೆಜೋಳ ಹುಟ್ಟಿಸುವ ಕೇಂದ್ರದಲ್ಲಿ ಹುಳ ಸತ್ತರೆ ಹಾಲು ಕುಡಿದಷ್ಟು ಸಂತೋಷವಾಗಬೇಕಲ್ಲ? ಆಗುವುದಿಲ್ಲ. ತಿನ್ನದ ಜೋಳ ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ತಿನ್ನುವ ಹುಳ ಬೇಕು. ಹೊಲದ ಹುಳ ತನಗೆ ಬೇಕಾದಾಗ ಬರುತ್ತದೆ, ಒಂದು ಗಿಡಕ್ಕೆ ಹತ್ತುತ್ತದೆ, ಪಕ್ಕದ್ದನ್ನು ಬಿಡುತ್ತದೆ. ಬಿಟ್ಟ ಗಿಡ ಗಟ್ಟಿಯದೋ ಅದೃಷ್ಟದ್ದೋ ಹೇಳುವುದು ಹೇಗೆ? ಅದಕ್ಕೇ ಕಾಂಡಕೊರಕ ಹುಳವನ್ನು ಕೋಣೆಯಲ್ಲಿ ಸಾಕಿ, ಆಗ ತಾನೇ ಹುಟ್ಟಿದ ಮರಿಗಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ಎತ್ತಿ, ಪ್ರತಿ ಗಿಡದ ಸುಳಿಗೆ ಎಣಿಸಿ ಹದಿನೈದರಂತೆ ಬಿಡುವುದು. ಮೂರು ವಾರ ಬಿಟ್ಟು ಎಲೆ ನೋಡಿ ಅಂಕ ಕೊಡುವುದು. ಒಂದು ಅಂದರೆ ಮುಟ್ಟಿಲ್ಲ, ಒಂಬತ್ತು ಅಂದರೆ ಗಿಡ ಚಿಂದಿ. ಹೀಗೆ ಇಡೀ ದೇಶ ಯಾವುದನ್ನು ಕೊಲ್ಲಲು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆಯುತ್ತಿತ್ತೋ, ಅದಕ್ಕೆ ಸರ್ಕಾರಿ ಖರ್ಚಿನಲ್ಲಿ ಊಟ, ವಸತಿ, ಇಪ್ಪತ್ತೇಳು ಡಿಗ್ರಿಯ ಹವಾ, ಮತ್ತು ಒಬ್ಬ ಅಕ್ಕ.

ಊಟ ಅಂದರೆ ಅಂತಿಂಥ ಊಟವಲ್ಲ. ಕಡಲೆ ಹಿಟ್ಟು, ಯೀಸ್ಟು, ನಾಲ್ಕು ಬಗೆಯ ವಿಟಮಿನ್ ಪುಡಿ ಎಲ್ಲ ಸೇರಿಸಿ ಬೇಯಿಸಿ, ತಣಿಸಿ, ಸೋಪಿನ ಬಿಲ್ಲೆಯ ಹಾಗೆ ಕತ್ತರಿಸಿ, ಪ್ಲಾಸ್ಟಿಕ್ ಲೋಟಕ್ಕೊಂದು ತುಂಡು, ತುಂಡಿಗೆ ಐದು ಹುಳ. ಹೀಗೆ ಗೋಡೆಯಿಂದ ಗೋಡೆಗೆ ಎರಡು ಸಾವಿರ ಲೋಟ. ಪ್ರತಿ ಸೋಮವಾರ ಹೊಸ ತುಂಡು. ಮನೆಯಲ್ಲಿ ಅತ್ತೆಗೆ ಈ ವಿಷಯ ಗೊತ್ತಾದ ದಿನದಿಂದ ಅದೊಂದೇ ರಾಗ.

"ನಂಗೆ ವಿಟಮಿನ್ ಮಾತ್ರೆ ಬರ್ಕೊಟ್ಟು ಎರಡು ವರ್ಷ ಆಯ್ತು. ನನ್ನ ಮಗನಿಗೆ ನೆನಪಾಗಲ್ಲ, ಸೊಸೆಗೆ ಪುರುಸೊತ್ತಾಗಲ್ಲ. ಆ ಹುಳಕ್ಕೆ ಮಾತ್ರ ವಾರವಾರ ನಾಲ್ಕು ಥರ!"

"ನೀವೂ ಲೋಟದಲ್ಲಿ ಕೂತ್ಕೊಂಡ್ರೆ ನಿಮಗೂ ಹಾಕ್ತೀನಿ ಅತ್ತೆ."

"ಹಾಕ್ತೀಯ ಹಾಕ್ತೀಯ. ಮುಚ್ಚಳಾನೂ ಹಾಕ್ತೀಯ."

ಹುಳದಕ್ಕ ಇಪ್ಪತ್ತೆರಡು ವರ್ಷದ ಕೆಳಗೆ ದಿನಗೂಲಿಗೆ ನೆಲ ಒರೆಸಲು ಬಂದವಳು. ಆಗ ಹುಳ ನೋಡಿಕೊಳ್ಳುತ್ತಿದ್ದ ಮುದುಕ ನಿವೃತ್ತನಾದ. ಓದಿದವರಾರೂ ಆ ಕೋಣೆಗೆ ಕಾಲಿಡಲು ಒಪ್ಪಲಿಲ್ಲವಾದ್ದರಿಂದ ಒರೆಸುವ ಬಟ್ಟೆ ಹಿಡಿದು ನಿಂತಿದ್ದವಳಿಗೇ ಸಾಮ್ರಾಜ್ಯ ಸಿಕ್ಕಿತು. ಅಲ್ಲಿಂದ ಈಚೆಗೆ ಅವಳ ಕೈಯಲ್ಲಿ ಆ ಹುಳಗಳ ಇನ್ನೂರ ಮೂವತ್ತು ತಲೆಮಾರು ಹುಟ್ಟಿ, ಉಂಡು, ಗೂಡು ಕಟ್ಟಿ, ಪತಂಗವಾಗಿ, ಮೇಣದ ಕಾಗದದ ಮೇಲೆ ಮೊಟ್ಟೆಯಿಟ್ಟು ತೀರಿಕೊಂಡಿದ್ದವು. ಇನ್ನೂರ ಮೂವತ್ತು ತಲೆಮಾರು ಒಂದೇ ಸೂರಿನಡಿ ಆಳಿದ ಯಾವ ರಾಜವಂಶವನ್ನೂ ನಾನು ಕೇಳಿಲ್ಲ. ಮರಿಗಳನ್ನು ಹೊಲಕ್ಕೆ ಕಳಿಸುವುದಷ್ಟೇ ಅವಳ ಕೆಲಸ. ತಾನು ಹೊಲಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಯಾರ ಬಟ್ಟೆಯಲ್ಲಿ ಯಾವ ಔಷಧಿಯ ಗಾಳಿಯೋ, ಅದನ್ನು ಹೊತ್ತುಕೊಂಡು ಬಂದರೆ ಗತಿಯೇನು?

ಮೊಗಸಾಲೆಯ ಎದುರು ಬದಿಗೆ ಶತ್ರು ರಾಜ್ಯ. ಅದರ ಅಧಿಪತಿ ಬೂಷ್ಟಣ್ಣ. ಹುಳದಕ್ಕ ಹುಳ ಸಾಕಿದರೆ ಅವನು ಬೂಷ್ಟು ಸಾಕುತ್ತಿದ್ದ. ಹಲ್ಲುಕಡ್ಡಿಗಳನ್ನು ಕುದಿಸಿ, ಬಾಟಲಿಗೆ ಹಾಕಿ, ಅವುಗಳ ಮೇಲೆ ಗುಲಾಬಿ ಬಣ್ಣದ ಶಿಲೀಂಧ್ರವನ್ನು ಹತ್ತಿಯ ಹಾಗೆ ಬೆಳೆಸಿ, ಆಮೇಲೆ ಒಂದೊಂದು ಕಡ್ಡಿಯನ್ನು ಒಂದೊಂದು ಜೋಳದ ಕಾಂಡಕ್ಕೆ ಚುಚ್ಚುವುದು ಅವನ ವೃತ್ತಿ. ಕೊಳೆತರೆ ದುರ್ಬಲ, ಕೊಳೆಯದಿದ್ದರೆ ಗಟ್ಟಿ. ಅವನ ಬೂಷ್ಟಿನ ಧೂಳು ಹಾರಿ ಇವಳ ಹುಳದ ಊಟಕ್ಕೆ ಬೀಳುತ್ತದೆ ಎಂದು ಇವಳು. ಇವಳ ಪತಂಗ ತಪ್ಪಿಸಿಕೊಂಡು ಅವನ ಬಾಟಲಿಯೊಳಗೆ ಸಾಯುತ್ತದೆ ಎಂದು ಅವನು. ಆರಡಿ ಅಗಲದ ಆ ಮೊಗಸಾಲೆಯಲ್ಲಿ ಇಪ್ಪತ್ತು ವರ್ಷ ಕಾಲಿನ ಧೂಳು ಹಿಡಿಯುವ ಒಂದು ಒದ್ದೆ ಗೋಣಿತಾಟಿನ ವಿಚಾರವಾಗಿ ಯುದ್ಧ ನಡೆಯಿತು. ಅದನ್ನು ಯಾರ ಬಾಗಿಲ ಮುಂದೆ ಹಾಕಬೇಕು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಇವರಿಬ್ಬರ ಮೇಲೆ ಡಾಕ್ಟರು. ಡಾಕ್ಟರು ಅಂದರೆ ತಳಿ ಶಾಸ್ತ್ರದ ಡಾಕ್ಟರು. ನೆಗಡಿ ಅಂತ ಹೋದರೆ ನಿಮ್ಮ ಅಪ್ಪ ಅಮ್ಮ ಯಾವ ತಳಿ ಅಂತ ಕೇಳುವವರು. ಹನ್ನೊಂದು ವರ್ಷ ಗಿಡಕ್ಕೆ ಗಿಡ ಕೂಡಿಸಿ, ಗಿಡದ ತುದಿಯ ಹೂಗೊಂಚಲಾದ ಸೂಲಂಗಿಗೆ ಕಾಗದದ ಚೀಲ ಕಟ್ಟಿ, ಬಿಸಿಲಲ್ಲಿ ಬೆಂದು ಅವರು ಹುಟ್ಟಿಸಿದ್ದು ನಲವತ್ತೇಳನೇ ನಂಬರಿನ ತಳಿ. ಹುಳವೂ ಮುಟ್ಟದು, ಬೂಷ್ಟೂ ಹಿಡಿಯದು. ಮೂರು ಹಂಗಾಮು ಸತತ ಅಂಕ ನೋಡಿ: ಮೂರು, ಎರಡು, ಒಂದು. ಇನ್ನು ನಾಲ್ಕು ತಿಂಗಳಿಗೆ ಬೀಜ ಸಮಿತಿ ಬರುವುದಿತ್ತು. ಸಮಿತಿ ಒಪ್ಪಿದರೆ ಆ ತಳಿ ರೈತರ ಹೊಲಕ್ಕೆ. ಡಾಕ್ಟರು ಆ ಗಿಡದ ಫೋಟೊ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಹೆಂಡತಿ ಮಕ್ಕಳ ಫೋಟೊ ಡ್ರಾಯರಿನಲ್ಲಿತ್ತು.

ಇಲ್ಲಿ ಇನ್ನೊಂದು ಗಿಡದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪ್ರತಿ ಪರೀಕ್ಷೆಯ ಹೊಲದಲ್ಲೂ ಒಂದು ಸಾಲು ಹಳೆಯ, ಪುಕ್ಕಲು ತಳಿಯನ್ನು ಬಿತ್ತುತ್ತಾರೆ, ತಿನ್ನಿಸಿಕೊಳ್ಳುವುದಕ್ಕೆಂದೇ. ಅದು ಚಿಂದಿಯಾದರೆ ಹುಳ ಸರಿಯಾಗಿ ಕೆಲಸ ಮಾಡಿದೆ ಎಂದು ಅರ್ಥ. ಕೇಂದ್ರದವರು ಅದಕ್ಕೆ ಇಟ್ಟ ಹೆಸರು ಬಡಪಾಯಿ. ಬಡಪಾಯಿಯ ಅಂಕ ಎಂದೂ ಎಂಟು, ಒಂಬತ್ತು. ಆದರೆ ಎರಡು ಹಂಗಾಮಿನ ಹಿಂದೆ ಅದಕ್ಕೆ ಐದು ಬಂತು. ಡಾಕ್ಟರು, "ಮಳೆ ಹೊಡೆದು ಮರಿ ತೊಳೆದು ಹೋಗಿವೆ" ಅಂದರು. ಪಕ್ಕದ ಸಾಲಿನಲ್ಲಿದ್ದ ನಲವತ್ತೇಳರ ಮೇಲೆ ಆ ಮಳೆ ಬಿದ್ದ ಹಾಗೆ ಕಾಣಲಿಲ್ಲ. ಅದು ಗೆದ್ದದ್ದು ಸ್ವಂತ ಶಕ್ತಿಯಿಂದಲೇ. ಮುಂದಿನ ಹಂಗಾಮು ಬಡಪಾಯಿಗೆ ನಾಲ್ಕು. "ಬಿತ್ತನೆ ತಡವಾಯ್ತು" ಅಂದರು. ಅದರ ಮುಂದಿನ ಹಂಗಾಮು ಟ್ರ್ಯಾಕ್ಟರ್ ಹರಿದು ಬಡಪಾಯಿಯ ಅರ್ಧ ಸಾಲು ಹೋಯಿತು. ಉಳಿದ ಅರ್ಧ ನಳನಳಿಸುತ್ತ ನಿಂತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಅಂದರು. ಎಲ್ಲರೂ ತಲೆಯಾಡಿಸಿದರು. ಗೆಲುವಿನ ಸಂಭ್ರಮದಲ್ಲಿ ಬಡಪಾಯಿಯ ಆರೋಗ್ಯ ವಿಚಾರಿಸುವವರು ಯಾರು?

ಒಂದು ಸಂಜೆ ಅತ್ತೆ ಬೀದಿಯ ತಳ್ಳುಗಾಡಿಯಿಂದ ನಾಲ್ಕು ಜೋಳದ ತೆನೆ ತಂದು ಅಡುಗೆಮನೆಯಲ್ಲಿ ಸಿಪ್ಪೆ ಬಿಡಿಸುತ್ತ ಕೂತಿದ್ದರು.

"ಅಯ್ಯೋ! ಬಾರೇ ಇಲ್ಲಿ! ನಿನ್ನ ಬಳಗ ಮನೆಗೇ ಬಂತು!"

"ಎಸೀಬೇಡಿ ಅತ್ತೆ, ಎಸೀಬೇಡಿ!"

"ಎಸೀಬೇಡಿ ಅಂತೆ. ಚಾಪೆ ಹಾಸಿ ಕೂರಿಸಲಾ?"

ಹುಳದಕ್ಕ ಕನ್ನಡಕ ಏರಿಸಿ ನೋಡಿದಳು. ಅವಳ ಹುಳಗಳದೇ ಜಾತಿ, ಆದರೆ ಕಡ್ಡಿಯ ಹಾಗೆ ಬಡಕಲು, ಮಸಿ ಮೈ. ತನ್ನವು ದುಂಡಗೆ, ಬೆಣ್ಣೆಯ ಬಣ್ಣಕ್ಕೆ ಇದ್ದವು. "ಪಾಪ, ಹೊಟ್ಟೆಗಿಲ್ಲ" ಅಂದುಕೊಂಡು, ಒಂದು ಡಬ್ಬಿಗೆ ಹಾಕಿ, ತೆನೆಯ ಬುಡದ ದಂಟಿನ ತುಂಡೊಂದನ್ನು ಜೊತೆಗಿಟ್ಟಳು. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ದಂಟಿಗೆ ತೂತು ಬಿದ್ದಿತ್ತು. ಪಾತ್ರೆ ತೊಳೆದು ಬರುವಷ್ಟರಲ್ಲಿ ಹುಳ ಒಳಗೆ ಮಾಯ, ತೂತಿನ ಬಾಯಲ್ಲಿ ಹೊಟ್ಟು ಮಾತ್ರ. ಬೆಳಗ್ಗೆ ದಂಟು ಎತ್ತಿದರೆ ಪೀಪಿಯ ಹಾಗೆ ಟೊಳ್ಳು.

"ಇಷ್ಟೊತ್ತಿಗೆ ನನ್ನವು ಇನ್ನೂ ಮೈ ಮುರೀತಿರ್ತವೆ" ಅಂದಳು ಹುಳದಕ್ಕ, ತನ್ನಷ್ಟಕ್ಕೆ.

ಅವಳಿಗೆ ಅನುಮಾನವೇನೂ ಬರಲಿಲ್ಲ. ಬಂದದ್ದು ಸ್ವಲ್ಪ ಹೊಟ್ಟೆಕಿಚ್ಚು. ನನ್ನ ಮಕ್ಕಳೇನು ಕಮ್ಮಿ? ಕೇಂದ್ರಕ್ಕೆ ಹೋದವಳೇ ಕುಂಡದಲ್ಲಿದ್ದ ಬಡಪಾಯಿ ಗಿಡದ ಎಳೇ ಎಲೆ ಕಿತ್ತಳು. ಲೋಕದಲ್ಲಿ ಅದಕ್ಕಿಂತ ಮೆತ್ತಗಿನ ಎಲೆ ಇಲ್ಲ, ಹಲ್ಲಿಲ್ಲದ ಹುಳವೂ ತಿಂದೀತು. ಲೋಟಕ್ಕೊಂದು ತುಂಡು ಹಾಕಿ, ಹಸಿದ ಹತ್ತು ಹುಳ ಬಿಟ್ಟಳು. ಹತ್ತೂ ಎಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದವು. ತಲೆಯೆತ್ತಿ ನೋಡಿದವು. ಆಮೇಲೆ ಲೋಟದ ಗೋಡೆ ಹತ್ತಿ, ಮುಚ್ಚಳದ ಹತ್ತಿರ ಸಾಲಾಗಿ ಕೂತವು, ಹೋಟೆಲಿನಲ್ಲಿ ಸಪ್ಲೈಯರ್ ಬರಲಿ ಅಂತ ಕಾಯುವ ಗಿರಾಕಿಗಳ ಹಾಗೆ. ಮರುದಿನ ಬಂದು ನೋಡಿದರೆ ಎರಡು ಸತ್ತಿದ್ದವು, ಎಂಟು ಇನ್ನೂ ಕಾಯುತ್ತಿದ್ದವು. ಎಲೆ ಹಾಗೇ ಉಳಿದಿತ್ತು.

ಅನುಮಾನ ಬಂದದ್ದು ಆಗ.

ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಇನ್ನಷ್ಟು ಹೊಲದ ಹುಳ ಬೇಕು. ಸಂಜೆ ನೇರ ತಳ್ಳುಗಾಡಿಯವನ ಮುಂದೆ ಹೋಗಿ ನಿಂತಳು.

"ಹುಳ ಇರೋ ತೆನೆ ಕೊಡಪ್ಪ."

"ಅಕ್ಕಾ, ನನ್ನ ಗಾಡೀಲಿ ಹುಳ ಇರೋದು ಒಂದೂ ಇಲ್ಲ. ಬೇಕಾದ್ರೆ ಬಿಚ್ಚಿ ತೋರಿಸ್ತೀನಿ."

"ಮೊನ್ನೆ ನಮ್ಮತ್ತೆಗೆ ಕೊಟ್ಟಿದ್ದೀಯಲ್ಲ."

"ಅದೊಂದು ಕಣ್ತಪ್ಪಿ ಬಂದಿರ್ಬೇಕು. ಬದಲಿಗೆ ಎರಡು ತಗೊಳ್ಳಿ, ಗಲಾಟೆ ಬೇಡ."

"ಗಲಾಟೆ ಅಲ್ವೋ ಮಾರಾಯ. ಅಂಥದ್ದೇ ಇನ್ನೂ ಮೂವತ್ತು ಬೇಕು."

ಅವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ. "ನೀವು ಮುನಿಸಿಪಾಲ್ಟಿಯವರಾ?"

"ಅಲ್ಲ. ಹುಳ ಸಾಕ್ತೀನಿ."

ಅವನ ಮುಖದಲ್ಲಿ ಭಯ ಹೋಗಿ ಕನಿಕರ ಬಂತು. ಮನೆಯಲ್ಲಿ ಕಷ್ಟ ಇದ್ದವರು ಹೀಗಾಗುವುದುಂಟು ಅಂದುಕೊಂಡಿರಬೇಕು. ಮರುದಿನ ಒಂದು ಚೀಲವನ್ನೇ ಬೇರೆ ಇಟ್ಟಿದ್ದ. "ಆರಿಸಿ ತಂದಿದ್ದೀನಿ ಅಕ್ಕ. ಹುಳ ಇಲ್ಲದ್ದು ಒಂದೂ ಇಲ್ಲ. ಗ್ಯಾರಂಟಿ."

ಹೊರಗಿನ ಹುಳವನ್ನು ಕೋಣೆಗೆ ತರುವ ಹಾಗಿಲ್ಲ, ರೋಗ ತರುತ್ತವೆ. ಇಸ್ತ್ರಿ ಅಂಗಡಿಯ ಹಿಂದಿನ ಅಟ್ಟ ಹದವಾಗಿ ಬೆಚ್ಚಗಿತ್ತು. ಮೂವತ್ತೊಂದು ಡಬ್ಬಿಗಳು ಅಲ್ಲಿಗೆ ಏರಿದವು.

"ಗಿರಾಕಿ ಕೇಳಿದ್ರೆ ಏನನ್ಲಿ?" ಅಂದರು ಇಸ್ತ್ರಿಯವರು.

"ಗುಂಡಿ ಡಬ್ಬ ಅನ್ನಿ."

"ಗುಂಡಿ ಡಬ್ಬ ಕರಕರ ಅನ್ನುತ್ತೇನೇ?"

ಅನ್ನುತ್ತಿತ್ತು. ಮೂವತ್ತೊಂದೂ ಹಗಲಿಡೀ ಕರಕರ ಅಗಿದವು. ಹಾಕಿದ ದಂಟು ಟೊಳ್ಳು, ಹಾಕಿದ ಎಲೆ ಜಾಳಿಗೆ.

ಈಗ ಹುಳದಕ್ಕನಿಗೆ ವಿಷಯ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಇಪ್ಪತ್ತೆರಡು ವರ್ಷ ಕಡಲೆ ಹಿಟ್ಟು ತಿನ್ನಿಸಿ, ಮುದ್ದು ಮಾಡಿ, ತನ್ನ ಹುಳಗಳಿಗೆ ಜೋಳವೇ ಸೇರದ ಹಾಗೆ ಮಾಡಿಟ್ಟಿದ್ದಳು. ತಲೆಮಾರಿಗೊಂದಿಷ್ಟು ಹಲ್ಲು ಮೊಂಡಾಗುತ್ತ ಬಂದು, ಈಗ ಅವು ಹೊಲಕ್ಕೆ ಹೋದರೆ ದಂಡಯಾತ್ರೆಗೆ ಹೋದ ದಿಂಬುಗಳು. ನಲವತ್ತೇಳು ಗೆದ್ದದ್ದು ಯುದ್ಧವನ್ನಲ್ಲ. ಎದುರಾಳಿ ಕತ್ತಿಯನ್ನೇ ತಂದಿರಲಿಲ್ಲ.

ಮತ್ತು ಕೇಂದ್ರದ ನಿಯಮವೂ ಅವಳಿಗೆ ಬಾಯಿಪಾಠವಾಗಿತ್ತು. ಸಾಕಿದ ಹುಳದ ವಂಶ ಕೆಟ್ಟಿದೆ ಎಂದು ಗೊತ್ತಾದರೆ ಎಲ್ಲವನ್ನೂ ಫ್ರೀಜರಿಗೆ ಹಾಕಬೇಕು, ಒಂದು ಲೋಟವೂ ಉಳಿಯುವ ಹಾಗಿಲ್ಲ. ಬಾಯಿ ಬಿಟ್ಟರೆ ಇನ್ನೂರ ಮೂವತ್ತು ತಲೆಮಾರಿನ ಕೊನೆ, ಡಾಕ್ಟರ ಹನ್ನೊಂದು ವರ್ಷದ ಕೊನೆ, ಕೈಗುಣದವಳೆಂಬ ತನ್ನ ಹೆಸರಿನ ಕೊನೆ. ಬಿಡದಿದ್ದರೆ ನಲವತ್ತೇಳನೇ ತಳಿ ರೈತರ ಹೊಲಕ್ಕೆ. ಅಲ್ಲಿ ಕಾದಿರುವ ಹುಳಗಳು ಕಡಲೆ ಹಿಟ್ಟಿನ ಮುಖ ನೋಡಿದವಲ್ಲ.

ವಿಷಯ ಮೊದಲು ತಿಳಿದದ್ದು ಬೂಷ್ಟಣ್ಣನಿಗೆ. ಗೋಣಿತಾಟನ್ನು ಅವನು ತನ್ನ ಬಾಗಿಲಿಗೆ ಎಳೆದುಕೊಂಡರೂ ಅವಳು ವಾಪಸು ಎಳೆಯದೆ ನಿಂತದ್ದು ನೋಡಿ ಅವನಿಗೇ ಗಾಬರಿಯಾಯಿತು.

"ಏನಕ್ಕ, ಮೈಯಲ್ಲಿ ಹುಷಾರಿಲ್ವಾ?"

ಹೇಳಿದಳು. ಅವನು ಕೇಳಿ, ತನ್ನ ಕೋಣೆಯ ಬಾಗಿಲು ಹಾಕಿ, ಅವಳ ಕೋಣೆಯ ಬಾಗಿಲನ್ನೂ ಹಾಕಿ, ಪಿಸುಗುಟ್ಟಿದ.

"ಅಕ್ಕ, ನಾಲ್ಕು ತಿಂಗಳು ಸುಮ್ನಿದ್ಬಿಡು. ಸಮಿತಿ ಬಂದು ಹೋಗ್ಲಿ."

"ಆಮೇಲೆ?"

"ಆಮೇಲೆ ಜೋಳದ ಹಣೇಬರಹ. ಯೋಚನೆ ಮಾಡು. ನಾನು ಕಡ್ಡಿ ಚುಚ್ಚಿದ್ರೂ ಬೂಷ್ಟು ಕಾಂಡದ ತುಂಬ ಹರಡೋದು ನಿನ್ನ ಹುಳ ಕೊರೆದ ದಾರೀಲೇ. ನಿನ್ನ ಹುಳ ಕೊರೀಲಿಲ್ಲ, ನನ್ನ ಬೂಷ್ಟು ಹಿಡೀಲಿಲ್ಲ. ನಿಂದು ಸುಳ್ಳಾದ್ರೆ ನಂದೂ ಸುಳ್ಳು. ಇಬ್ರ ಮಾನಾನೂ ಒಂದೇ ಬಸ್ಸಲ್ಲಿ ಕೂತಿದೆ ಕಣಕ್ಕ."

"ನಿನ್ನ ಮಾನಕ್ಕೆ ಟಿಕೆಟ್ ತಗೊಂಡೋರು ಯಾರು? ಮುಂದಿನ ಸ್ಟಾಪಲ್ಲಿ ಇಳಿಸು" ಅಂದು ಹುಳದಕ್ಕ ಎರಡು ಲೋಟ ಎತ್ತಿಕೊಂಡು ಡಾಕ್ಟರ ಕೋಣೆಗೆ ನಡೆದಳು.

ಡಾಕ್ಟರು ಸಮಿತಿಗೆ ತೋರಿಸುವ ಚಿತ್ರಪಟಗಳಿಗೆ ಬಣ್ಣ ಆರಿಸುತ್ತಿದ್ದರು. ನಲವತ್ತೇಳಕ್ಕೆ ಹಸಿರು ಎಂಬುದು ಆಗಲೇ ತೀರ್ಮಾನವಾಗಿತ್ತು. ಎಂಥ ಹಸಿರು ಎಂಬುದು ಬಾಕಿ.

"ಸಾರ್, ಎಲೆ ಉಳೀತಾ ಇದೆ."

"ಗೊತ್ತಮ್ಮ, ಗೊತ್ತು!" ಡಾಕ್ಟರು ಲೋಟದೊಳಗೆ ಇಣುಕಿ ನಕ್ಕರು. "ಹನ್ನೊಂದು ವರ್ಷ ಸಾಯ್ತಾ ಇದ್ದಿದ್ದು ಇದಕ್ಕೇ ಅಲ್ವಾ! ಒಂದು ಕಚ್ಚೂ ಇಲ್ಲ ನೋಡು. ಏನು ಗಿಡ!"

"ಇದು ನಲವತ್ತೇಳಲ್ಲ ಸಾರ್. ಬಡಪಾಯಿ."

ಡಾಕ್ಟರ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಹನ್ನೊಂದು ವರ್ಷದ ನಗು, ಹಂತಹಂತವಾಗಿ ಇಳಿಯಬೇಕು.

"ಕೋಣೆ ತಣ್ಣಗಿರ್ಬೇಕು."

"ಇಪ್ಪತ್ತೇಳು ಡಿಗ್ರಿ ಸಾರ್."

"ಎಲೆ ಬಾಡಿರ್ಬೇಕು."

"ಆಗಷ್ಟೇ ಕಿತ್ತು ಹಾಕಿದ್ದು ಸಾರ್."

"ಹಸಿವಿರಲಿಲ್ವೇನೋ."

"ಎರಡು ಹಸಿವಿಂದಾನೇ ಸತ್ತಿವೆ ಸಾರ್."

ಎರಡನೇ ಲೋಟ ಮುಂದಿಟ್ಟಳು. ಅದರಲ್ಲಿ ಟೊಳ್ಳು ದಂಟು, ಹೊಟ್ಟು, ಎಲೆಯ ನರ ಮಾತ್ರ ಇದ್ದವು.

"ಇದು ಎಲ್ಲಿಯ ಹುಳದ ಕೆಲಸ?"

"ಇಸ್ತ್ರಿ ಅಂಗಡೀದು ಸಾರ್."

ಡಾಕ್ಟರು ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲಲ್ಲಿಟ್ಟ ಚಹಾ ಹಾಗೇ ತಣ್ಣಗಾಯಿತು. ಎರಡನೇ ದಿನ ಮಧ್ಯಾಹ್ನ ಹಳೆಯ ಅಂಕಪಟ್ಟಿಗಳನ್ನು ತರಿಸಿಕೊಂಡು, ಬಡಪಾಯಿಯ ಐದು, ನಾಲ್ಕು, ಟ್ರ್ಯಾಕ್ಟರ್, ಈ ಮೂರನ್ನೂ ಒಂದರ ಕೆಳಗೊಂದು ಬರೆದರು. ಮಳೆ ಬಂದದ್ದು ಬಡಪಾಯಿಯ ಮೇಲಲ್ಲ, ತಮ್ಮ ಕಣ್ಣಿನ ಮೇಲೆ ಎಂದು ಅವರಿಗೆ ಆಗ ಹೊಳೆದಿರಬೇಕು. ಮೂರನೇ ದಿನ ಹುಳದ ಕೋಣೆಯ ಬಾಗಿಲಿಗೆ ಬಂದು, "ನಿನ್ನ ಅಂಗಡಿ ಹುಳ ಮರಿ ಮಾಡಿದ್ರೆ ಎಷ್ಟು ದಿನಕ್ಕೆ ಸಿಗುತ್ತೆ?" ಎಂದಷ್ಟೇ ಕೇಳಿದರು. ಕೆಟ್ಟ ಮನುಷ್ಯರಲ್ಲ, ಒಳ್ಳೆಯ ಸುದ್ದಿಗೆ ಅಭ್ಯಾಸವಾಗಿದ್ದವರು, ಅಷ್ಟೇ.

ಒಂದು ತಿಂಗಳಿಗೆ ಮರಿಗಳಾದವು. ಬಲೆಯ ಮನೆಯಲ್ಲಿ ಕುಂಡಗಳ ಸಾಲು ಹಚ್ಚಿ, ನಲವತ್ತೇಳು, ಬಡಪಾಯಿ, ಹಿಂದೆ ಬೇಡವೆಂದು ಬಿಟ್ಟ ತಳಿಗಳು, ಎಲ್ಲಕ್ಕೂ ಹದಿನೈದರಂತೆ ಮರಿ ಬಿಟ್ಟರು, ಬೂಷ್ಟಣ್ಣ ಕಡ್ಡಿಯನ್ನೂ ಚುಚ್ಚಿದ. ಈ ಸಲ ಹುಳದಕ್ಕನೇ ಬ್ರಷ್ಷು ಹಿಡಿದು ಹೋದಳು. ಮೂರು ವಾರಕ್ಕೆ ಬಡಪಾಯಿ ನೆಲ ಹಿಡಿದಿತ್ತು, ಅದಕ್ಕೆ ಒಂಬತ್ತು. ನಲವತ್ತೇಳರ ಅಂಕ ಡಾಕ್ಟರೇ ಬರೆದರು. ಮೊದಲು ಏಳು ಬರೆದರು, ಹೊಡೆದರು, ಇನ್ನೊಮ್ಮೆ ಗಿಡದ ಸುತ್ತ ಬಂದು, ಎಂಟು ಬರೆದು ಪೆನ್ನು ಜೇಬಿಗಿಟ್ಟರು. ಅದರ ಕಾಂಡ ಸೀಳಿದಾಗ ಹುಳ ಕೊರೆದ ದಾರಿಯುದ್ದಕ್ಕೂ ಗುಲಾಬಿ ಬೂಷ್ಟು ಸಂಸಾರ ಹೂಡಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬೂಷ್ಟಣ್ಣ ತನ್ನ ಬೂಷ್ಟು ಚೆನ್ನಾಗಿ ಬೆಳೆದದ್ದಕ್ಕೆ ತಲೆ ಮೇಲೆ ಕೈಹೊತ್ತು ಕೂತ.

ನಿಂತದ್ದು ಒಂದೇ. ನೂರ ಹನ್ನೆರಡನೇ ನಂಬರು. ಗಿಡ್ಡ, ಸೊಟ್ಟ, ತೆನೆಗೆ ತಿರುಚಿದ ಮೂತಿ. ನಾಲ್ಕು ವರ್ಷದ ಹಿಂದೆ ರೂಪದ ಕಾರಣಕ್ಕೇ ಕೈಬಿಟ್ಟದ್ದು. ಅದಕ್ಕೆ ಮೂರು ಬಂತು. ಅದರ ಬೀಜ ಅಷ್ಟು ವರ್ಷ ಎಸೆಯದೆ ಉಳಿದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. ಎಸೆಯುವ ವಾರ ಸ್ಟೋರಿನವನು ರಜೆಯಲ್ಲಿದ್ದ. ಅದಕ್ಕೆ ಒಳ್ಳೆಯ ಇಳುವರಿ ಕೂಡಿಸಲು ಇನ್ನು ಆರು ವರ್ಷ ಬೇಕು ಎಂದು ಡಾಕ್ಟರು ಬೆರಳು ಮಡಿಸಿ ನೋಡಿದರು. ಅವರ ನಿವೃತ್ತಿಗೆ ಇದ್ದದ್ದು ಐದು.

ಹಳೆಯ ಹುಳಗಳನ್ನು ಫ್ರೀಜರಿಗೆ ಹಾಕಿದ್ದು ಒಂದು ಸೋಮವಾರ. ಅವತ್ತು ಹುಳದಕ್ಕ ಎಂದಿನಂತೆ ಬೆಳಗ್ಗೆ ಕಡಲೆ ಹಿಟ್ಟು ಬೇಯಿಸಿದಳು. ಡಾಕ್ಟರು ಬಂದು, "ಮಧ್ಯಾಹ್ನ ಹೇಗೂ..." ಅಂತ ಶುರುಮಾಡಿ ನಿಲ್ಲಿಸಿದರು. ಎರಡು ಸಾವಿರ ಲೋಟಕ್ಕೂ ಹೊಸ ತುಂಡು ಬಿತ್ತು. ಹುಳಗಳು ಗಬಗಬನೆ ಉಂಡವು. ಇಷ್ಟು ಚೆನ್ನಾಗಿ ಉಣ್ಣುವ ಸೈನ್ಯ ಯುದ್ಧದಲ್ಲಿ ಯಾಕೆ ಹಾಗೆ ಮಾಡಿತು ಎಂದು ಯಾರಿಗಾದರೂ ಅನ್ನಿಸಬೇಕು. ಊಟ ಮುಗಿದ ಮೇಲೆ ಲೋಟಗಳನ್ನು ತಟ್ಟೆ ತಟ್ಟೆಯಾಗಿ ಒಯ್ದದ್ದು ಬೂಷ್ಟಣ್ಣ. ಯಾರೂ ಕರೆದಿರಲಿಲ್ಲ, ಬಂದಿದ್ದ. ಹುಳದಕ್ಕ ಒಂದೊಂದು ತಟ್ಟೆಯನ್ನೂ ಬಾಗಿಲಲ್ಲಿ ಒಂದು ಕ್ಷಣ ತಡೆದು, ಮುಚ್ಚಳ ಸರಿಮಾಡಿ ಕಳಿಸಿದಳು. ಕೋಣೆ ಖಾಲಿಯಾದ ಮೇಲೆ ನೋಡಿದರೆ ಅದು ಬಹಳ ದೊಡ್ಡದಾಗಿತ್ತು. ಅವಳು ಬಕೀಟು ತಂದು ನೆಲ ಒರೆಸಿದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಇನ್ನೊಂದು ಚೂರು ಹಾಕ್ಕೊ" ಅಂದರು.

ಸಮಿತಿ ಬಂದೇ ಬಂತು, ತೀರ್ಮಾನಿಸಲು ಏನೂ ಉಳಿದಿಲ್ಲದಿದ್ದರೂ. ದಿನ ನಿಗದಿಯಾಗಿತ್ತು, ಕಾರೂ ನಿಗದಿಯಾಗಿತ್ತು. ಅಧ್ಯಕ್ಷರು ದಪ್ಪ ಕನ್ನಡಕದ ಹಿರಿಯ ವಿಜ್ಞಾನಿ, ಮಾತಿನ ಬರಗಾಲ ಎಂದೂ ಕಾಣದವರು. ಡಾಕ್ಟರು ಎದ್ದು ನಿಂತು ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದರು. ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ವಿಜ್ಞಾನದಲ್ಲಿ ಸತ್ಯವೆಂಬುದು ಹಿಮಾಚ್ಛಾದಿತ ಶಿಖರ ಅಂದರು. ಅದನ್ನು ಏರುವವರು ವಿರಳ ಅಂದರು. ತನ್ನ ಕೈಯಾರೆ ಬೆಳೆಸಿದ ವಂಶವನ್ನು ಸತ್ಯದ ಬಲಿಪೀಠಕ್ಕೆ ಅರ್ಪಿಸಿದ ಮಹಾತಾಯಿ ಎಂದರು. ಇಪ್ಪತ್ತು ನಿಮಿಷವಾದ ಮೇಲೆ ಆ ಮಹಾತಾಯಿ ಯಾರು ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಳದಕ್ಕನನ್ನು ಬೂಷ್ಟಣ್ಣ ಮೊಣಕೈಯಿಂದ ತಿವಿದು ಎಬ್ಬಿಸಿದ.

"ಅಮ್ಮಾ, ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಯಾರಿಗೂ ಗೊತ್ತಾಗ್ತಾ ಇರ್ಲಿಲ್ಲ. ನಲವತ್ತೇಳು ಗೆಲ್ತಿತ್ತು, ನಿಮ್ಮ ಹುಳಗಳೂ ಉಳೀತಿದ್ವು, ನಿಮ್ಮ ಹೆಸರೂ ಉಳೀತಿತ್ತು. ಅಂಥಾ ಹೊತ್ತಿನಲ್ಲಿ ನಿಮ್ಮ ಅಂತರಾತ್ಮ ಏನಂತು? ಯಾವ ಆದರ್ಶ ನಿಮ್ಮನ್ನ ಮುನ್ನಡೆಸಿತು? ನಮ್ಮ ಯುವ ವಿಜ್ಞಾನಿಗಳಿಗೆ ಎರಡು ಮಾತು ಹೇಳಿ."

ಸಭೆ ಉಸಿರು ಬಿಗಿಹಿಡಿದು ತಿರುಗಿತು. ಯುವ ವಿಜ್ಞಾನಿಗಳು ಪೆನ್ನಿನ ಮುಚ್ಚಳ ತೆಗೆದರು. ಹುಳದಕ್ಕ ಒಮ್ಮೆ ಡಾಕ್ಟರ ಮುಖ ನೋಡಿದಳು, ಒಮ್ಮೆ ಗಡಿಯಾರ ನೋಡಿದಳು.

"ಹಾಕಿದ ಎಲೆ ಉಳಿದಿತ್ತು ಸಾರ್. ಉಳಿದಿದೆ ಅಂದೆ."